ಬೆನ್ನ ಮೇಲಿನ ಬಿಸಿಲು

ಚೀಲದಕ್ಕನ ಮನೆ ಎಲ್ಲಿ ಅಂತ ಆ ಬೆಟ್ಟದ ಬುಡದ ಪೇಟೆಯಲ್ಲಿ ಕೇಳಿ ನೋಡಿ. ಜನ ನಿಮ್ಮ ಮುಖ ನೋಡುವ ಮೊದಲು ಹೆಗಲ ಮೇಲಿನ ಚೀಲ ನೋಡುತ್ತಾರೆ. "ಎಲ್ಲಿ ಹರಿದಿದೆ?" ಅನ್ನುತ್ತಾರೆ. ಹರಿದಿಲ್ಲಪ್ಪ, ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ ಅಂದರೆ ನಂಬುವುದಿಲ್ಲ. ಆ ಮನೆಗೆ ಸುಮ್ಮನೆ ಬರುವವರು ಎರಡೇ ಜನ. ಒಬ್ಬಳು ಪಕ್ಕದ ಟೀ ಅಂಗಡಿಯವಳು, ಇನ್ನೊಬ್ಬ ಮಧ್ಯಾಹ್ನದ ಸೂರ್ಯ.

ಎರಡು ಕೋಣೆಯ ಮನೆ. ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಹತ್ತಿರ ದಪ್ಪ ಬಟ್ಟೆ ಹೊಲಿಯುವ ಕಪ್ಪು ಯಂತ್ರ, ಅದರ ಪಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೇಜಿನ ಕೆಳಗೆ ಹಳೇ ಡೇರೆಗಳ ಬಟ್ಟೆ, ಗೋಡೆಯ ಮೊಳೆಗಳಲ್ಲಿ ಪಟ್ಟಿಗಳು, ಬಕಲುಗಳು, ಹಲ್ಲುದುರಿದ ಝಿಪ್ಪುಗಳು. ಮೇಜು ಎಷ್ಟು ಉದ್ದ ಅಂದರೆ ಬಾಗಿಲು ಪೂರ್ತಿ ತೆರೆಯಲು ಬಿಡುವುದಿಲ್ಲ. ಒಳಗೆ ಬರುವವರು ಓರೆಯಾಗಿ, ಹೊಟ್ಟೆ ಒಳಗೆಳೆದುಕೊಂಡು ಬರಬೇಕು. ದಪ್ಪನೆಯ ಗಿರಾಕಿಗಳ ಜೊತೆ ವ್ಯವಹಾರವೆಲ್ಲ ಹೊಸ್ತಿಲಲ್ಲೇ.

ಅವಳ ಗಂಡ ಬೆಟ್ಟ ಹತ್ತಲು ಬರುವವರಿಗೆ ದಾರಿ ತೋರಿಸುವವನು. ಎತ್ತರದ ಆಳು. ಸ್ಟೂಲಿಲ್ಲದೆ ಬಲ್ಬು ಬದಲಾಯಿಸುತ್ತಾನೆ ಅಂತ ಪೇಟೆಯವರು ಅವನಿಗೆ ಏಣಿಯಣ್ಣ ಅಂತ ಹೆಸರಿಟ್ಟಿದ್ದರು. ಮಳೆ ನಿಂತ ಮೇಲೆ ಶುರುವಾಗಿ ಬೇಸಿಗೆ ಸುಡುವವರೆಗೆ ಅವನಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಒಂದು ಗುಂಪನ್ನು ಉತ್ತರದ ಬೆಟ್ಟಸಾಲು ದಾಟಿಸಿ, ಕಾಡು, ಕುರುಚಲು, ಹುಲ್ಲುಗಾವಲು, ಬೋಳುಬಂಡೆ ಎಲ್ಲ ತೋರಿಸಿ, ಮೇಲಿನ ತಂಗುಮನೆಯಲ್ಲಿ ಮಲಗಿಸಿ, ಅದೇ ದಾರಿಯಲ್ಲಿ ಇಳಿಸಿಕೊಂಡು ಬರುವುದು. ಬಂದು ಚಪ್ಪಲಿ ಬಿಡುವಷ್ಟರಲ್ಲಿ ಇನ್ನೊಂದು ಗುಂಪು.

ಮದುವೆಯಾದ ಹೊಸತರಲ್ಲಿ ಫೋನೂ ಇಲ್ಲ, ಏನೂ ಇಲ್ಲ. ಹೋದವನು ಹೋದ. ಅವನು ಈಗ ಯಾವ ದಿಣ್ಣೆಯಲ್ಲಿದ್ದಾನೆ, ಮುಖ ಆ ಕಡೆಗಿದೆಯೋ ಈ ಕಡೆಗಿದೆಯೋ ಒಂದೂ ತಿಳಿಯದು. ಬೆಟ್ಟದ ಮೇಲೆ ಮೋಡ ಕಂಡರೆ ಅದು ಅವನ ತಲೆಯ ಮೇಲೇ ಇದೆ ಅಂತ ಅವಳಿಗೆ. ಯಂತ್ರ ತುಳಿಯುತ್ತಾ ತುಳಿಯುತ್ತಾ ಕಾಲು ನಿಲ್ಲಿಸಿಬಿಡುತ್ತಿದ್ದಳು, ಹೆಜ್ಜೆ ಸಪ್ಪಳ ಕೇಳಿತೇನೋ ಅಂತ. ಒಳಗಿನಿಂದ ಅತ್ತೆ ಕೂಗುತ್ತಿದ್ದರು, "ಯಾಕೆ ನಿಲ್ಲಿಸಿದೆ? ದಾರ ಕಡೀತಾ?"

"ಹ್ಞೂಂ ಅತ್ತೆ, ಕಡೀತು."

"ದಿನಕ್ಕೆ ಹತ್ತು ಸಲ ಕಡಿಯೋ ದಾರಾನ ಯಾಕೆ ತರ್ತೀಯೇ?"

ಅತ್ತೆಗೆ ಕಣ್ಣು ಮಂಜು, ಕಿವಿ ಮಾತ್ರ ಬೆಕ್ಕಿನದು. ದಾರ ಕಡಿದ ಸದ್ದು ಯಾವುದು, ಕಾಲು ನಿಂತ ಸದ್ದು ಯಾವುದು ಅಂತ ಅವರಿಗೆ ಗೊತ್ತಾಗದೆ ಇರುತ್ತಿತ್ತೇ?

ಆಮೇಲೆ ಫೋನು ಬಂತು. ಬೆಟ್ಟದ ತೆರೆದ ದಿಣ್ಣೆಗಳಲ್ಲಿ ಸಿಗ್ನಲ್ಲೂ ಬಂತು. ಆದರೆ ಫೋನು ಎರಡನೇ ದಿನಕ್ಕೇ ಸತ್ತುಹೋಗುತ್ತಿತ್ತು. ಏಣಿಯಣ್ಣನ ಹತ್ತಿರ ಒಂದು ಪವರ್ ಬ್ಯಾಂಕ್ ಇತ್ತು, ಇತ್ತು ಅನ್ನುವುದಷ್ಟೇ. "ಅಣ್ಣಾ, ಒಂಚೂರು ಚಾರ್ಜ್ ಕೊಡಿ, ಒಂದೇ ಒಂದು ಫೋಟೋ ತೆಗೀಬೇಕು" ಅಂತ ಯಾರಾದರೂ ಕೈ ಒಡ್ಡಿದರೆ ಇಲ್ಲ ಅನ್ನಲು ಅವನ ಬಾಯಿಗೆ ಬರುತ್ತಿರಲಿಲ್ಲ. ಹಸುವಿಗೆ ಹತ್ತು ಕರು ಬಿಟ್ಟ ಹಾಗೆ ಆ ಪವರ್ ಬ್ಯಾಂಕು ಬರಿದಾಗುತ್ತಿತ್ತು.

ಒಂದು ಸಲ ಯಾರೋ ಹೋಗುವಾಗ ಮೂಲೆ ಮುಕ್ಕಾದ ಸೋಲಾರ್ ಪ್ಲೇಟೊಂದನ್ನು ಬಿಟ್ಟುಹೋದರು. ದೊಡ್ಡ ಪುಸ್ತಕದಷ್ಟು ಅಗಲ, ಮಡಚಿದರೆ ಅಂಗೈಯಷ್ಟು. ಚೀಲದಕ್ಕ ಅದನ್ನು ಗಂಡನ ಚೀಲದ ಬೆನ್ನಿಗೆ ಹೊಲಿದಳು. ಮೊದಲು ಪ್ಲಾಸ್ಟಿಕ್ ಹೊದಿಸಿದಳು, ಒಳಗೆ ಬೆವರು ಕಟ್ಟಿತು. ಬಿಚ್ಚಿದಳು. ಆಮೇಲೆ ಫೋನಿನ ಜೇಬನ್ನು ಪ್ಲೇಟಿನ ಹಿಂದೆಯೇ ಇಟ್ಟಳು, ಫೋನು ದೋಸೆಕಲ್ಲಿನ ಹಾಗೆ ಕಾಯಿತು. ಮತ್ತೆ ಬಿಚ್ಚಿದಳು. ಪ್ಲೇಟಿಗೆ ಬಿಸಿಲು ಬೇಕು, ಫೋನಿಗೆ ನೆರಳು ಬೇಕು, ಇಬ್ಬರಿಗೂ ಒಂದೇ ಕೋಣೆ ಆಗದು ಅಂತ ಅವಳಿಗೆ ಅರ್ಥವಾದದ್ದು ಆಗ. ವಯರನ್ನು ಪಕ್ಕದಿಂದ ತಂದು, ಫೋನಿಗೆ ಸೊಂಟದ ಹತ್ತಿರ ನೆರಳಿನ ಜೇಬು ಮಾಡಿ, ಪ್ಲೇಟಿನ ಸುತ್ತ ಎರಡು ಸಾಲು ಗಟ್ಟಿ ಹೊಲಿಗೆ ಹಾಕಿದಳು. ಆನೆ ಎಳೆದರೂ ಬರದ ಹೊಲಿಗೆ.

ಬೆಟ್ಟದ ಮೇಲೆ ಚಳಿಗೆ ಫೋನಿನ ಚಾರ್ಜು ತಾನಾಗಿಯೇ ಇಳಿಯುತ್ತದೆ ಅಂತ ಅವನು ಮಲಗುವಾಗ ಅದನ್ನು ಅಂಗಿಯೊಳಗೆ, ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಇದು ಕೇಳಿ ಅತ್ತೆ ಟೀ ಅಂಗಡಿಯವಳ ಹತ್ತಿರ ಹೇಳಿದ್ದರು, "ಹೆಂಡ್ತೀನ ಇಲ್ಲಿ ಬಿಟ್ಟು ಆ ಡಬ್ಬೀನ ತಬ್ಕೊಂಡು ಮಲಗ್ತಾನಂತೆ. ನನ್ನ ಹೊಟ್ಟೇಲಿ ಎಂಥಾ ಜಾಣ ಹುಟ್ಟಿದ ನೋಡು."

ಅಂದಿನಿಂದ ಪ್ರತಿ ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ, ಯಾವುದಾದರೂ ದಿಣ್ಣೆಯಿಂದ ಫೋನು.

"ಹಲೋ."

"ಹಲೋ. ಊಟ ಆಯ್ತಾ?"

"ಇನ್ನೂ ಇಲ್ಲ. ನಿಮ್ಮದು?"

"ಮಾಡ್ತಿದ್ದಾರೆ. ಅಮ್ಮ?"

"ಇದಾರೆ, ಬೈತಾ ಇದಾರೆ. ಎಷ್ಟಿದೆ?"

"ಮೂವತ್ತು."

"ಸರಿ. ಎದೆ ಮೇಲೆ ಇಟ್ಕೊಂಡು ಮಲಗಿ."

ಇಷ್ಟೇ. ಎದುರಿಗಿದ್ದಾಗ ಕಾಡಿನ ಕಥೆ ಕಟ್ಟಿ ಕಟ್ಟಿ ಹೇಳುವ ಮನುಷ್ಯ ಫೋನು ಹಿಡಿದರೆ ಕಲ್ಲುಕಂಬ. ಹಿಂದೆ ಹತ್ತು ಜನರ ಗಲಾಟೆ, ಗಾಳಿಯ ಸುಂಯ್. ಅವಳೂ ಅಷ್ಟೇ. ಹೇಳಬೇಕಾದ್ದೆಲ್ಲ ಗಂಟಲವರೆಗೆ ಬಂದು "ಎಷ್ಟಿದೆ?" ಅನ್ನುವ ಮಾತಾಗಿ ಹೊರಗೆ ಬೀಳುತ್ತಿತ್ತು.

ಆದರೆ ಚಾರ್ಜಿನ ಆ ಸಂಖ್ಯೆಯಲ್ಲೇ ಎಲ್ಲ ಇತ್ತು. ಕೆಳಗೆ ದಟ್ಟ ಕಾಡು, ಅಲ್ಲಿ ಬಿಸಿಲು ಚೂರುಚೂರು. ಮೂವತ್ತು ಅಂದರೆ ಇನ್ನೂ ಕಾಡಿನಲ್ಲಿದ್ದಾನೆ, ಕೂಗಿದರೆ ಕೇಳಿಸುವಷ್ಟು ಹತ್ತಿರ ಅಂತ ಅವಳಿಗೆ ಅನ್ನಿಸುತ್ತಿತ್ತು. ಐವತ್ತು ಅಂದರೆ ಕುರುಚಲು. ಎಂಬತ್ತು ಅಂದರೆ ಬಟಾಬಯಲು, ಹುಲ್ಲು, ಆಕಾಶ ಬಿಟ್ಟರೆ ಬೇರೇನಿಲ್ಲ. ಸಂಖ್ಯೆ ಏರಿದಷ್ಟೂ ಗಂಡ ದೂರ. ಪೇಟೆಯಲ್ಲಿ ಉಳಿದವರೆಲ್ಲ ಫೋನು ತುಂಬಿದರೆ ಖುಷಿಪಟ್ಟರೆ ಇವಳೊಬ್ಬಳು ಎಂಬತ್ತು ಅಂದ ಸಂಜೆ ಊಟ ಸೇರದೆ ಎದ್ದುಬಿಡುತ್ತಿದ್ದಳು.

ಎಂಬತ್ತು ಆದ ಮರುದಿನವೋ ಅದರ ಮರುದಿನವೋ ಫೋನು ನಿಲ್ಲುತ್ತಿತ್ತು.

ಮೊದಲ ಸಲ ಹಾಗಾದಾಗ ಅವಳ ಎದೆ ಒಡೆದುಹೋಗಿತ್ತು. ಆದರೆ ಅವನು ನಗುನಗುತ್ತಾ ಓರೆಯಾಗಿ ಬಾಗಿಲೊಳಗೆ ಬಂದ. ಎರಡನೆಯ ಸಲವೂ ಹಾಗೇ. ಆಮೇಲೆ ಅವಳಿಗೆ ಹೊಳೆಯಿತು. ಬೆಟ್ಟ ಉತ್ತರಕ್ಕಿದೆ. ಆ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹತ್ತುವಾಗ ಬಿಸಿಲು ಬೆನ್ನಿಗೆ, ಜೊತೆಗೆ ಮೈ ಮುಂದಕ್ಕೆ ಬಾಗಿ ಬೆನ್ನು ಆಕಾಶ ನೋಡುತ್ತದೆ. ಪ್ಲೇಟು ಹೊಟ್ಟೆ ತುಂಬ ಕುಡಿಯುತ್ತದೆ. ಇಳಿಯುವಾಗ ಬಿಸಿಲು ಎದುರಿಗೆ, ಮೈ ಹಿಂದಕ್ಕೆ ವಾಲುತ್ತದೆ, ಪ್ಲೇಟು ಅವನದೇ ನೆರಳಿನಲ್ಲಿ ಬೆಟ್ಟದ ಕಡೆ ಮುಖ ಮಾಡಿಕೊಂಡು ಬರುತ್ತದೆ. ಪವರ್ ಬ್ಯಾಂಕು ಅಷ್ಟು ಹೊತ್ತಿಗೆ ಕರುಗಳ ಪಾಲಾಗಿರುತ್ತದೆ. ಫೋನು ಸಾಯುತ್ತದೆ.

ಅಂದರೆ ಫೋನು ಸತ್ತಿದೆ ಅಂದರೆ ಅವನ ಮುಖ ಮನೆಯ ಕಡೆಗಿದೆ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಮಾತೂ ಅಲ್ಲ. ಆದರೆ ಸಂಜೆ ಫೋನು ಬಾರದ ಮೊದಲ ದಿನ ಅವಳ ಕೈಗೆ ರೆಕ್ಕೆ ಬರುತ್ತಿತ್ತು. ಉದ್ದನೆಯ ಮೇಜನ್ನು ಗೋಡೆಗೆ ಸರಿಸುತ್ತಿದ್ದಳು, ಬಾಗಿಲು ಪೂರ್ತಿ ತೆರೆಯಲಿ, ದೊಡ್ಡ ಚೀಲ ಹೊತ್ತವನು ಓರೆಯಾಗಬೇಕಾಗಿ ಬಾರದಿರಲಿ ಅಂತ. ಅವನ ದಿಂಬಿನ ಚೀಲ ಒಗೆದು ಬಿಸಿಲಿಗೆ ಹಾಕುತ್ತಿದ್ದಳು. ನೀರು ಕಾಯಿಸುವ ಹಂಡೆ ತಿಕ್ಕುತ್ತಿದ್ದಳು. ಸೂಜಿ ಬಟ್ಟೆಯಲ್ಲಿ ಹೋಗಿ ಬರುವ ಪ್ರತಿ ಸಲವೂ ಅವನ ಒಂದು ಹೆಜ್ಜೆ ಅಂದುಕೊಂಡು ತುಳಿಯುತ್ತಿದ್ದಳು. ಮಾತಿಲ್ಲದ ಆ ಒಂದೆರಡು ದಿನ ಅವನು ಅವಳಿಗೆ ಪೂರ್ತಿ ಸಿಗುತ್ತಿದ್ದ, ಗಾಳಿ ಇಲ್ಲ, ಗಲಾಟೆ ಇಲ್ಲ, ಸಂಖ್ಯೆ ಇಲ್ಲ.

ಟೀ ಅಂಗಡಿಯವಳು ಕಟ್ಟೆಯ ಮೇಲಿಂದ ನೋಡಿ ನಗುತ್ತಿದ್ದಳು. "ಏನಕ್ಕಾ, ಊರವರೆಲ್ಲ ಗಂಡನ ಫೋನ್ ಸ್ವಿಚ್ ಆಫ್ ಅಂದ್ರೆ ಎದೆ ಬಡ್ಕೋತಾರೆ, ನೀನು ಹಂಡೆ ತಿಕ್ತಾ ಇದೀಯ!"

"ನಿನ್ನ ಟೀ ಉಕ್ತಾ ಇದೆ ನೋಡೇ ಅಲ್ಲಿ," ಅನ್ನುತ್ತಿದ್ದಳು ಚೀಲದಕ್ಕ.

ಚೀಲದಕ್ಕನ ಗುಟ್ಟು ಅದಷ್ಟೇ ಆಗಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಇನ್ನೊಂದಿತ್ತು. ಅವಳ ಪ್ಲೇಟು ಹೊಲಿದ ಚೀಲ ನೋಡಿ ಬೇರೆ ದಾರಿ ತೋರಿಸುವವರೂ ನಮಗೂ ಹೊಲಿದುಕೊಡಿ ಅಂತ ಬಂದರು. ಅವರಿಗೆ ಅವಳು ಮಾಡಿಕೊಟ್ಟದ್ದೇ ಬೇರೆ. ಚೀಲದ ಬೆನ್ನಿಗೆ ನಾಲ್ಕು ಕುಣಿಕೆ, ಎದೆಪಟ್ಟಿಗೆ ನಾಲ್ಕು ಕುಣಿಕೆ, ಪ್ಲೇಟಿಗೆ ಕೊಕ್ಕೆ. ಹತ್ತುವಾಗ ಹಿಂದೆ ಹಾಕಿಕೋ, ಇಳಿಯುವಾಗ ಮುಂದೆ ಹಾಕಿಕೋ. ಅವರ ಫೋನು ಹೋಗುವಾಗಲೂ ತುಂಬಿರುತ್ತಿತ್ತು, ಬರುವಾಗಲೂ ತುಂಬಿರುತ್ತಿತ್ತು. ಬೆಟ್ಟ ಹತ್ತುವವರ ಪೈಕಿ ಬೆನ್ನಿಗೆ ಗಟ್ಟಿ ಹೊಲಿಗೆ ಹಾಕಿಸಿಕೊಂಡವನು ಏಣಿಯಣ್ಣ ಒಬ್ಬನೇ.

ಅವನು ಒಂದು ಸಲ ಕೇಳಿದ್ದ. "ನಂಗೂ ಕುಣಿಕೆ ಹಾಕ್ಕೊಡೇ."

"ನಿಮ್ಮ ಚೀಲದ ಬಟ್ಟೆ ಹಳೇದು ಕಣ್ರೀ, ಕುಣಿಕೆ ತಡೆಯಲ್ಲ. ಹರ್ಕೊಂಡು ಬಂದ್ಬಿಡುತ್ತೆ."

ಮನೆಯ ದರ್ಜಿ ಹೇಳಿದ ಮೇಲೆ ಮುಗಿಯಿತು. ಅವನು ನಂಬಿದ.

ಹೀಗಿರುವಾಗ ಮೇಲಿನ ತಂಗುಮನೆಯನ್ನು ನೋಡಿಕೊಳ್ಳುತ್ತಿದ್ದ ಮುದುಕ ಇನ್ನು ಸಾಕು ಅಂತ ಕೆಳಗಿಳಿದ. ಚಾರಣ ನಡೆಸುವ ಕಂಪನಿಯವರು ಏಣಿಯಣ್ಣನನ್ನು ಕೇಳಿದರು, ನೀನೇ ಅಲ್ಲಿ ಇದ್ದುಬಿಡು. ಹತ್ತಿಳಿಯುವ ಕೆಲಸ ಇಲ್ಲ. ಬಂದವರಿಗೆ ಬಾಗಿಲು ತೆರೆ, ಒಲೆ ಹಚ್ಚು, ಬೇಲಿ ನೋಡಿಕೋ. ಸೂರಿನ ತುಂಬ ದೊಡ್ಡ ಸೋಲಾರ್ ಪ್ಲೇಟುಗಳಿವೆ, ರಾತ್ರಿ ಬಂದವರ ಫೋನುಗಳಿಗೇ ಸಾಲದಿದ್ದರೂ ಹಗಲೆಲ್ಲ ನಿನಗೊಬ್ಬನಿಗೇ, ಫೋನು ಯಾವತ್ತೂ ತುಂಬಿರುತ್ತದೆ, ದಿನಾ ಮನೆಗೆ ಮಾತಾಡು. ಕೆಳಗೆ ಮಾತ್ರ ಮಳೆಗಾಲಕ್ಕೊಮ್ಮೆ ಬಂದರೆ ಬಂದೆ.

ಏಣಿಯಣ್ಣ ಇಲ್ಲ ಅನ್ನುವ ಹಾಗಿರಲಿಲ್ಲ. ಅವನ ಮಂಡಿ ಒಳಗೊಳಗೇ ಸವೆದಿತ್ತು. ಇಳಿಜಾರಿನಲ್ಲಿ ಹಲ್ಲು ಕಚ್ಚಿಕೊಂಡು ಇಳಿಯುತ್ತಿದ್ದ. ಮನೆಗೆ ಬಂದ ಸಂಜೆ ಹಂಡೆಯ ಬಿಸಿನೀರಿನ ಬಟ್ಟೆಯನ್ನು ಮಂಡಿಗೆ ಸುತ್ತಿಕೊಂಡು ಕೂತರೆ ಮುಖದಲ್ಲಿ ರಕ್ತವೇ ಇರುತ್ತಿರಲಿಲ್ಲ.

"ನೀನೇನಂತೀಯ?" ಅಂತ ಹೊರಡುವ ಮುಂಚೆ ಕೇಳಿದ.

ಅವಳು ಚೀಲದ ಬಕಲು ಬಿಗಿಯುತ್ತಿದ್ದಳು. "ನಂದೇನಿದೆ? ಮಂಡಿ ನಿಮ್ಮದು."

"ಹಾಗಂದ್ರೆ?"

"ನೋವು ತಿನ್ನೋರು ನೀವು, ಬೇಡ ಅನ್ನೋಕೆ ನಾನ್ಯಾರು ಅಂತ."

"ಅಮ್ಮಾ, ನೀನಾದ್ರೂ ಹೇಳು."

"ನಂಗೆ ಕಣ್ಣು ಕಾಣಲ್ಲಪ್ಪ," ಅಂದರು ಅತ್ತೆ ಒಳಗಿನಿಂದ. "ನೀನು ಪಕ್ಕದಲ್ಲಿದ್ರೂ ದನಿ ಮಾತ್ರ, ದೂರದಲ್ಲಿದ್ರೂ ದನಿ ಮಾತ್ರ. ಕಣ್ಣಿರೋರನ್ನ ಕೇಳು."

ಕಣ್ಣಿರುವವಳು ಬಕಲು ನೋಡುತ್ತಿದ್ದಳು. ಏಣಿಯಣ್ಣ ಚೀಲ ಹೆಗಲಿಗೇರಿಸಿದ. "ಹೋಗಿ ನೋಡ್ತೀನಿ. ಉಳಿಯೋದೇ ಆದ್ರೆ ಅಲ್ಲಿಂದಲೇ ಫೋನ್ ಮಾಡಿ ಹೇಳ್ತೀನಿ. ಜನರನ್ನ ಇಳಿಸೋಕೆ ಜೊತೆಗಾರ ಇದಾನೆ. ಇಲ್ಲಾಂದ್ರೆ ಗೊತ್ತೇ ಇದೆಯಲ್ಲ, ಫೋನ್ ಸತ್ತಿರುತ್ತೆ, ನಾನು ಬರ್ತಾ ಇರ್ತೀನಿ."

ಅವನು ಓರೆಯಾಗಿ ಬಾಗಿಲು ದಾಟಿದ. ಬೀದಿಯ ತಿರುವಿನವರೆಗೂ ಅವನ ಬೆನ್ನ ಮೇಲಿನ ಪ್ಲೇಟು ಮಿಂಚುತ್ತಾ ಹೋಯಿತು. ಹೋಗಬೇಡಿ ಅನ್ನಲು ಎಷ್ಟು ಹೊತ್ತು ಬೇಕು? ಬಕಲು ಬಿಗಿಯುವಷ್ಟೂ ಬೇಡ. ಆದರೂ ಅವಳು ಅನ್ನಲಿಲ್ಲ. ನೋವಿನಿಂದ ಬಿಳಿಚಿಕೊಂಡ ಆ ಮುಖ ಅವಳ ಬಾಯಿ ಕಟ್ಟಿತ್ತು.

ಸಂಜೆಗಳು ಬಂದವು. ಇಪ್ಪತ್ತೆಂಟು ಅಂದ. ಐವತ್ತು ಅಂದ. ಎಪ್ಪತ್ತೊಂಬತ್ತು ಅಂದ. "ತಂಗುಮನೆಗೆ ಬಂದ್ವಿ, ನಾಳೆ ನೋಡ್ತೀನಿ," ಅಂದ. ಅವಳು "ಎದೆ ಮೇಲೆ ಇಟ್ಕೊಂಡು ಮಲಗಿ" ಅಂದಳು.

ಮರುದಿನ ಸಂಜೆ ಅವಳು ಫೋನನ್ನು ಮೇಜಿನ ಮೇಲಿಟ್ಟು, ಅದರ ಕಡೆ ಬೆನ್ನು ಹಾಕಿ ಹೊಲಿದಳು. ಬಿಸಿಲು ಕಿಟಕಿಯಿಂದ ಇಳಿದು, ಮೇಜಿನ ಮೇಲೆ ಹರಿದು, ನೆಲಕ್ಕೆ ಬಿದ್ದು, ಹೋಯಿತು. ಫೋನು ಬಾಯಿ ಬಿಡಲಿಲ್ಲ. ಅವಳು ಎದ್ದು ಮೇಜನ್ನು ಗೋಡೆಗೆ ಸರಿಸಿದಳು. ಅದರ ಕಾಲು ನೆಲಕ್ಕೆ ಕಿರ್ರೆಂದದ್ದೇ ಅತ್ತೆ ಒಳಗಿನಿಂದ, "ಬರ್ತಾ ಇದಾನಾ?" ಅಂದರು.

"ಬರ್ತಾ ಇದಾರೆ ಅತ್ತೆ."

ಬೆಳಿಗ್ಗೆ ದಿಂಬಿನ ಚೀಲ ಒಗೆದಳು. ಹಂಡೆ ತಿಕ್ಕಿದಳು. ಹುಣಸೆಹುಳಿ ತಾಗಿದ ತಾಮ್ರದ ಹಾಗೆ ಅವಳ ಮುಖವೂ ತೊಳೆದುಕೊಂಡಿತ್ತು. ಟೀ ಅಂಗಡಿಯವಳು ಎರಡು ಲೋಟ ಟೀ ತಂದು, "ಇವತ್ತು ನಂದೇ ಲೆಕ್ಕ" ಅಂದಳು. ಚೀಲದಕ್ಕ ಲೋಟ ತುಟಿಗಿಟ್ಟಿದ್ದಳು ಅಷ್ಟೇ.

ಫೋನು ಹೊಡೆದುಕೊಂಡಿತು.

ನಡು ಮಧ್ಯಾಹ್ನ. ಅವನದೇ ನಂಬರು.

ಚೀಲದಕ್ಕ ಲೋಟ ಕೆಳಗಿಟ್ಟಳು. ಕೈ ಚಾಚಲಿಲ್ಲ. ಬರುವ ದಾರಿಯಲ್ಲಿ ಅವನ ಫೋನಿಗೆ ಜೀವ ಇರುವುದೇ ಇಲ್ಲ, ಅವಳೇ ಹೊಲಿದ ಹೊಲಿಗೆ ಅದು. ಜೀವ ಇದೆ ಅಂದರೆ ಅವನು ಇನ್ನೂ ಆ ದೊಡ್ಡ ಪ್ಲೇಟುಗಳ ಸೂರಿನ ಕೆಳಗಿದ್ದಾನೆ. ಒಂದು ದಿನ ಯೋಚನೆ ಮಾಡಿದ್ದಾನೆ. ಈಗ ಹೇಳುತ್ತಿದ್ದಾನೆ.

"ಎತ್ತೇ!" ಅಂದರು ಅತ್ತೆ.

ನಿಂತಿತು. ಮತ್ತೆ ಹೊಡೆದುಕೊಂಡಿತು.

"ಅಕ್ಕಾ, ಅಣ್ಣಂದೇ ಫೋನು, ಎತ್ತಕ್ಕಾ," ಅಂದಳು ಟೀ ಅಂಗಡಿಯವಳು.

ಚೀಲದಕ್ಕ ಫೋನನ್ನು ತೆಗೆದು ಡೇರೆ ಬಟ್ಟೆಯ ರಾಶಿಯೊಳಗೆ ತುರುಕಿದಳು. ಅದು ಅಲ್ಲಿಂದಲೂ ಕೂಗಿತು, ಹಸಿದ ಮಗುವಿನ ಹಾಗೆ.

"ನನ್ನ ಮಗನ ಫೋನು ಅದು!" ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಿದ್ದರು. "ನಿಂಗೇನು ಬಂದಿದೆ ಇವತ್ತು?"

"ಎತ್ತಿದ್ರೆ ಅವರು ಹೇಳಿಬಿಡ್ತಾರೆ ಅತ್ತೆ. ಹೇಳಿಬಿಟ್ರೆ ಆಗಿಬಿಡುತ್ತೆ. ಎತ್ತೋವರೆಗೆ ಬರ್ತಾನೇ ಇರ್ತಾರಲ್ಲ."

ಅತ್ತೆ ಗೋಡೆ ಹಿಡಿದೇ ಒಳಗೆ ತಿರುಗಿದರು. ಸೊಸೆಯ ದನಿಯಲ್ಲಿ ದಾರ ಕಡಿದದ್ದು ಅವರಿಗೆ ಕೇಳಿಸಿತ್ತು. ಟೀ ಅಂಗಡಿಯವಳು ಲೋಟಗಳನ್ನೂ ತೆಗೆದುಕೊಳ್ಳದೆ ಮೆಲ್ಲಗೆ ಹೊರಟುಹೋದಳು.

ಫೋನು ಕೂಗಿ ಕೂಗಿ ಸುಮ್ಮನಾಯಿತು. ಆಮೇಲೆ ಎಷ್ಟು ಹೊತ್ತಾದರೂ ಸದ್ದಿಲ್ಲ. ಸಂಜೆಯ ಹೊತ್ತಿಗೆ ಅವಳೇ ತಡೆಯಲಾರದೆ ರಾಶಿಯೊಳಗಿಂದ ಅದನ್ನು ತೆಗೆದು ಅವನಿಗೆ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್. ಈಗೇನು ತಿಳಿಯಬೇಕು? ಬರುತ್ತಿದ್ದಾನೆಯೇ? ಉಳಿದು, ಸಿಟ್ಟಿನಲ್ಲಿ ಆರಿಸಿಟ್ಟಿದ್ದಾನೆಯೇ? ಬಿದ್ದಿದ್ದಾನೆಯೇ? ಇಷ್ಟು ವರ್ಷ ಅವಳ ಜೊತೆ ಬಾಯಿತುಂಬ ಮಾತಾಡುತ್ತಿದ್ದ ಆ ಮೌನ ಮೊದಲ ಸಲ ಏನನ್ನೂ ಹೇಳಲಿಲ್ಲ. ಮದುವೆಯಾದ ಹೊಸತರಲ್ಲಿ ಇದ್ದ ಹಾಗೆಯೇ, ಮೋಡ, ಬೆಟ್ಟ, ಯಾವ ಕಡೆಗೋ ಮುಖ ಮಾಡಿರುವ ಒಬ್ಬ ಗಂಡ.

ಅವಳು ಇದ್ದುದರಲ್ಲೇ ದಪ್ಪ ಬಟ್ಟೆ ಹುಡುಕಿ, ಒಳಗೆ ಹತ್ತಿ ತುಂಬಿ, ಹೊದಿಕೆಯೊಂದನ್ನು ಹೊಲಿಯಲು ಕೂತಳು. ತಂಗುಮನೆಯಲ್ಲಿ ಚಳಿ ಜಾಸ್ತಿ. ಉಳಿಯುವವನಿಗೆ ಬೇಕಾಗುತ್ತದೆ. ಹೊಲಿಯುತ್ತಾ ಮನಸ್ಸು ಎಲ್ಲೆಲ್ಲೋ ಹೋಯಿತು. ತಾವೂ ಮೇಲಕ್ಕೇ ಹೋಗಿಬಿಟ್ಟರೆ? ಈ ಕಪ್ಪು ಯಂತ್ರವನ್ನು ಹೇಸರಗತ್ತೆಯ ಮೇಲೆ ಹೇರಬಹುದೇ? ಅತ್ತೆಯನ್ನು? ಅತ್ತೆಯನ್ನು ಹೇರಿದರೆ ಹೇಸರಗತ್ತೆಗೇ ಬೈಗುಳ ತಡೆಯಲಾರದೆ ದಾರಿ ತಪ್ಪೀತು. ಅವಳಿಗೆ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು. ಮೇಜನ್ನು ಮತ್ತೆ ಬಾಗಿಲ ಕಡೆ ಸರಿಸಲು ಹೋದಳು. ಕೈ ಬರಲಿಲ್ಲ. ಹಾಗೇ ಬಿಟ್ಟಳು.

ಮರುದಿನ ಮಧ್ಯಾಹ್ನ ಬಿಸಿಲು ಕಿಟಕಿಯಲ್ಲಿ ಬಂದು ಕೂತಿತ್ತು. ಬೀದಿಯಲ್ಲಿ ಟೀ ಅಂಗಡಿಯವಳು ಕಿರುಚಿದಳು, "ಅಯ್ಯೋ ಅಣ್ಣಾ! ಏನಾಯ್ತು ಕಾಲಿಗೆ?"

ಹೊದಿಕೆ ತೊಡೆಯ ಮೇಲಿಂದ ಜಾರಿತು. ಬಾಗಿಲು ಪೂರ್ತಿ ತೆರೆಯಿತು. ಏಣಿಯಣ್ಣ ಒಂದು ಕೋಲಿನ ಮೇಲೆ ಭಾರ ಹಾಕಿಕೊಂಡು ನಿಂತಿದ್ದ. ಪ್ಯಾಂಟು ಮಂಡಿಯ ಹತ್ತಿರ ಹರಿದು, ಒಳಗೆ ಸುತ್ತಿದ ಬಟ್ಟೆಯಡಿ ಮಂಡಿ ಊದಿಕೊಂಡಿತ್ತು. ಎದೆಯ ಮೇಲೆ ಶಾಲೆಗೆ ಹೋಗುವ ಮಗುವಿನ ಸ್ಲೇಟಿನ ಹಾಗೆ ಸೋಲಾರ್ ಪ್ಲೇಟು ನೇತಾಡುತ್ತಿತ್ತು. ಅದರ ಅಂಚಿನಲ್ಲಿ ಎರಡು ಸಾಲು ಹೊಲಿಗೆಯ ಕತ್ತರಿಸಿದ ದಾರಗಳು.

"ಏನಾಗಿದೆ ನಿಂಗೆ? ಅಮ್ಮ ಎಲ್ಲಿ? ಅಮ್ಮ ಇದಾಳಾ?" ಅವನು ಏದುಸಿರು ಬಿಡುತ್ತಿದ್ದ.

ಚೀಲದಕ್ಕನ ಬಾಯಿಂದ ಬಂದ ಮೊದಲ ಮಾತು, "ಯಾರು ಬಿಚ್ಚಿದ್ರು ಇದನ್ನ?"

"ನಾನೇ. ಚಾಕು ಹಾಕಿ ಬಿಚ್ಚೋಕೆ ಅರ್ಧ ದಿನ ಹಿಡೀತು, ಹಾಳಾದ ಹೊಲಿಗೆ. ಫೋನ್ ಯಾಕೆ ಎತ್ಲಿಲ್ಲ? ಇಲ್ಲಿ ಯಾರು ಸತ್ರೋ ಅಂತ ಓಡಿ ಬಂದೆ ನಾನು. ಆ ಕಲ್ಲಿನ ಇಳಿಜಾರಲ್ಲಿ ಜಾರಿ..." ಅವನು ಹೊಸ್ತಿಲ ಮೇಲೆ ಕುಸಿದು ಕೂತ. "ಬೇಡ ಅಂತ ಹೇಳ್ಬಿಟ್ಟೆ ಕಣೇ ಅವರಿಗೆ. ಉಳಿಯಲ್ಲ ಅಂದೆ. ಇಳಿಯೋವಾಗ ಜೊತೆಗಾರ ಪ್ಲೇಟ್ ಮುಂದಕ್ಕೆ ಹಾಕ್ಕೊಂಡ. ಅವನ ಫೋನಲ್ಲಿ ಬರೋವಾಗ್ಲೂ ಹೆಂಡ್ತಿ ಜೊತೆ ಮಾತೇ ಮಾತು. ನಂಗೂ ಆಸೆ ಆಯ್ತು. ಇಷ್ಟು ವರ್ಷದಲ್ಲಿ ಒಂದು ಸಲಾನೂ ಬರ್ತಾ ಇದೀನಿ ಅಂತ ಹೇಳೋಕೆ ಆಗಿಲ್ವಲ್ಲ, ಹೇಳೋಣ ಅಂತ. ಚಾರ್ಜೆಲ್ಲ ನಿಂಗೆ ಮಾಡಿ ಮಾಡಿಯೇ ಮುಗೀತು."

ಅವಳು ಅವನ ಪಕ್ಕ ಕೂತು ಕತ್ತರಿಸಿದ ದಾರದ ತುದಿಗಳನ್ನು ಬೆರಳಲ್ಲಿ ಹಿಡಿದಳು.

"ಕುಣಿಕೆ ಚೆನ್ನಾಗೇ ತಡೆಯುತ್ತೆ," ಅಂದ ಅವನು, ಈಗ ಮೆಲ್ಲಗೆ. "ನನ್ನ ಚೀಲದ ಬಟ್ಟೆ ಜೊತೆಗಾರನ ಬಟ್ಟೆಗಿಂತ ಗಟ್ಟಿ ಇದೆ. ಬಿಚ್ಚೋವಾಗ ನೋಡ್ದೆ. ನಂಗೊಬ್ಬನಿಗೇ ಯಾಕೆ ಹಾಕ್ಲಿಲ್ಲ?"

ಒಳಗಿನಿಂದ ಅತ್ತೆಯ ದನಿ ಬಂತು. "ನಿನ್ನ ಫೋನು ಸತ್ತ ದಿನ ಈ ಮನೇಲಿ ಮೇಜು ಸರಿಯುತ್ತೆ, ಹಂಡೆ ಸದ್ದಾಗುತ್ತೆ, ಇವಳು ಗುನುಗ್ತಾಳೆ. ಫೋನು ಬಂದ ದಿನ ಅನ್ನ ತಟ್ಟೇಲೇ ಇರುತ್ತೆ. ಕಣ್ಣಿಲ್ಲದ ನಂಗೆ ಗೊತ್ತು. ಏಣಿಯಷ್ಟು ಎತ್ತರ ಬೆಳೆದಿದೀಯ, ನಿಂಗೆ ಗೊತ್ತಾಗ್ಲಿಲ್ಲ?"

ಏಣಿಯಣ್ಣ ತಿರುಗಿ ನೋಡಿದ. ಗೋಡೆಗೆ ಸರಿದ ಮೇಜು. ಬೆಳಗುವ ಹಂಡೆ. ದಾರದ ಮೇಲೆ ಒಣಗುವ ದಿಂಬಿನ ಚೀಲ. ಇಷ್ಟು ವರ್ಷ ಬಂದಾಗೆಲ್ಲ ಇವು ಹೀಗೇ ಇದ್ದವು. ಮನೆ ಯಾವಾಗಲೂ ಹೀಗೇ ಇರುತ್ತದೆ ಅಂದುಕೊಂಡಿದ್ದ.

ಆ ಮಂಡಿ ಮತ್ತೆ ಸರಿಹೋಗಲಿಲ್ಲ. ಮನೆಯೊಳಗೆ ನಡೆಯಬಹುದು, ಪೇಟೆಗೆ ಹೋಗಬಹುದು, ಬೆಟ್ಟ ಮಾತ್ರ ಆಗದು ಅಂದರು ಡಾಕ್ಟರು. ತಂಗುಮನೆಗೆ ಬೇರೆ ಯಾರೋ ಹೋದರು. ಏಣಿಯಣ್ಣ ಪಟ್ಟಿ ಕತ್ತರಿಸುವುದು, ಬಕಲು ಪೋಣಿಸುವುದು ಕಲಿತ. ಗಂಡ ದಿನವೂ ಕಣ್ಣೆದುರಿಗೆ. ಚೀಲದಕ್ಕ ಕೇಳಿದ್ದೂ ಅದನ್ನೇ ತಾನೇ? ಆದರೆ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅವನ ಕತ್ತರಿ ನಿಲ್ಲುತ್ತಿತ್ತು. ಕಿಟಕಿಯಾಚೆ ಬೆಟ್ಟದ ಸಾಲು ನೇರಳೆ ಬಣ್ಣಕ್ಕೆ ತಿರುಗುವುದನ್ನು ನೋಡುತ್ತಾ ಕೂತುಬಿಡುತ್ತಿದ್ದ.

"ಯಾಕೆ ನಿಲ್ಲಿಸ್ದೆ?" ಅನ್ನುತ್ತಿದ್ದರು ಅತ್ತೆ. "ನಿಂದೂ ದಾರ ಕಡೀತಾ?"

ಚೀಲದಕ್ಕನಿಗೆ ಆ ಕೂರುವಿಕೆ ಗೊತ್ತಿತ್ತು. ತಾನೇ ಎಷ್ಟೋ ವರ್ಷ ಕೂತ ಜಾಗ ಅದು.

ಮುಂದಿನ ಚಳಿಗಾಲ ಮೇಲಿನಿಂದ ಹೇಳಿ ಕಳಿಸಿದರು. ತಂಗುಮನೆಯ ಡೇರೆಗಳೆಲ್ಲ ಹರಿದಿವೆ, ಇಷ್ಟು ದಿನ ಏಣಿಯಣ್ಣ ಹೊತ್ತು ತರುತ್ತಿದ್ದ, ಈಗ ಹೊರುವವರಿಲ್ಲ, ಅಕ್ಕನೇ ಬಂದು ಹೊಲಿದುಕೊಟ್ಟು ಹೋಗಲಿ. ಪೇಟೆಯವರೆಲ್ಲ ನಕ್ಕರು. ಏಣಿಯಣ್ಣ ನಗಲಿಲ್ಲ. ತನ್ನ ಚೀಲ ಕೆಳಗಿಳಿಸಿ ಅವಳ ಬೆನ್ನಿನ ಅಳತೆಗೆ ಪಟ್ಟಿಗಳನ್ನು ಗಿಡ್ಡ ಮಾಡಿದ. ಸೂಜಿ, ದಪ್ಪ ದಾರ, ತೇಪೆ ಬಟ್ಟೆ ತುಂಬಿದ. ಪ್ಲೇಟು ಕೈಗೆತ್ತಿಕೊಂಡು, "ಕುಣಿಕೆ ಹಾಕ್ಲಾ? ಈಗ ನಂಗೂ ಬರುತ್ತೆ," ಅಂದ.

"ಬೇಡ. ಬೆನ್ನಿಗೆ ಹೊಲೀರಿ. ಎರಡು ಸಾಲು."

ಅವನು ಅವಳ ಮುಖ ನೋಡಿದ. ಆಮೇಲೆ ಹೊಲಿದ. ಸೊಟ್ಟ ಹೊಲಿಗೆ, ಆದರೆ ಗಟ್ಟಿ.

ಅವಳು ಜೊತೆಗಾರನ ಗುಂಪಿನ ಹಿಂದೆ ಹೊರಟಳು. ಸಂಜೆ ಮನೆಯ ಫೋನು ಹೊಡೆದುಕೊಂಡಿತು.

"ಹಲೋ."

"ಹಲೋ. ಊಟ ಆಯ್ತಾ?"

"ಇನ್ನೂ ಇಲ್ಲ. ಅತ್ತೆ?"

"ಬೈತಾ ಇದಾಳೆ." ಅವನಿಗೆ ಹೇಳಬೇಕಾದ್ದು ಎಷ್ಟೋ ಇತ್ತು. "ಎಷ್ಟಿದೆ?"

"ಮೂವತ್ತೈದು. ರೀ, ಇಲ್ಲಿಂದ ನಮ್ಮ ಬೀದಿ ಕಾಣುತ್ತೆ. ಇಷ್ಟೇ ಇಷ್ಟು."

ಸಂಖ್ಯೆ ಏರಿತು. ಎಂಬತ್ತಮೂರು ಅಂದ ಸಂಜೆ ಏಣಿಯಣ್ಣ ತಟ್ಟೆಯ ಮುಂದೆ ಕೂತು ಅನ್ನವನ್ನು ಆ ಕಡೆ ಈ ಕಡೆ ಮಾಡಿದ. ಅತ್ತೆ ಕೇಳಿಸಿಕೊಂಡರು.

ಡೇರೆ ಹೊಲಿಯುವುದಿದ್ದುದರಿಂದ ಎಂಬತ್ತರ ಮೇಲೆಯೇ ಕೆಲವು ಸಂಜೆ ಕಳೆಯಿತು. ಆಮೇಲೊಂದು ಸಂಜೆ ಫೋನು ಬರಲಿಲ್ಲ.

ಬಿಸಿಲು ಕಿಟಕಿಯಿಂದ ಇಳಿದು ನೆಲ ಮುಟ್ಟುವವರೆಗೆ ಅವನು ಕಾದ. ತಾನೇ ಒಂದು ಸಲ ಮಾಡಿ ನೋಡಿದ. ಸ್ವಿಚ್ ಆಫ್. ಫೋನನ್ನು ಮೆಲ್ಲಗೆ ಕೆಳಗಿಟ್ಟು, ಕೋಲು ಗೋಡೆಗೊರಗಿಸಿ, ಎರಡೂ ಕೈಯಿಂದ ಉದ್ದನೆಯ ಮೇಜನ್ನು ಹಿಡಿದು ಎಳೆದ. ಅದರ ಕಾಲು ನೆಲಕ್ಕೆ ಕಿರ್ರೆಂದಿತು.

"ಬರ್ತಾ ಇದಾಳಾ?" ಅಂದರು ಅತ್ತೆ ಒಳಗಿನಿಂದ.